ವಾನ್‌ಸ್ಟೆಡ್ ಸೌಧ: ಅಳಿದುದು ಮತ್ತು ಉಳಿದುದು

ಲಂಡನ್ ನಗರದ ಈಶಾನ್ಯ ಅಂಚಿನಲ್ಲಿ ವಾನ್‌ಸ್ಟೆಡ್ ಎಂಬ ಊರಿದೆ. ಹಿಂದೆ ಎಸೆಕ್ಸ್ ಪ್ರಾಂತಕ್ಕೆ ಸೇರಿದ್ದ ಈ ಊರು ಈಗ ಆ ಮಹಾನಗರದಲ್ಲಿಯೇ ಲೀನವಾಗಿದೆ. ಅಲ್ಲಿಯ ಗಾಲ್ಫ್ ಮೈದಾನದ ಹಸುರು ಹುಲ್ಲಿನ ನಡುವೆ ವಿಶಾಲವಾದ ಒಂದು ತಗ್ಗು ಕಾಣುತ್ತದೆ. ಅರಿಯದವರ ಕಣ್ಣಿಗೆ ಅದು ನೆಲದ ಸಹಜವಾದ ಇಳಿಜಾರು. ಅರಿತವರಿಗೆ ಅದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅರಮನೆಗಳಿಗೆ ಸರಿಮಿಗಿಲೆಂದು ಹೊಗಳಿಸಿಕೊಂಡ ವಾನ್‌ಸ್ಟೆಡ್ ಸೌಧವು ನಿಂತಿದ್ದ ನೆಲೆ. ಸುಮಾರು ನೂರು ವರ್ಷ ಮಾತ್ರ ಬಾಳಿದ ಆ ಕಟ್ಟಡವನ್ನು ಯುದ್ಧ ಕೆಡವಲಿಲ್ಲ, ಬೆಂಕಿ ಸುಡಲಿಲ್ಲ, ಭೂಕಂಪ ನಡುಗಿಸಲಿಲ್ಲ. ಕಲ್ಲು, ತೊಲೆ, ಸೀಸಗಳ ಬೆಲೆಗೆ ಅದನ್ನು ಮಾರಿ, 1825ರ ಹೊತ್ತಿಗೆ ಪೂರ್ತಿಯಾಗಿ ಬಿಚ್ಚಿ ಸಾಗಿಸಲಾಯಿತು.

ಪರದೇಶದ ಶ್ರೀಮಂತನೊಬ್ಬನ ಮನೆ ಅಳಿದುದನ್ನು ನಾವೇಕೆ ಅಭ್ಯಸಿಸಬೇಕೆಂದು ವಾಚಕರು ಕೇಳಬಹುದು. ಆ ಮನೆಯ ಹಣದ ಮೂಲವು ಹಿಂದೂಸ್ಥಾನದ ವ್ಯಾಪಾರದಲ್ಲಿದೆ; ಅದರ ನಾಶಕ್ಕೆ ಕಾರಣನಾದವನ ಮನೆತನವು ಕರ್ನಾಟಕದ ಇತಿಹಾಸದಲ್ಲಿ ನಮಗೆ ಚಿರಪರಿಚಿತವಾದುದು. ಇದಕ್ಕಿಂತಲೂ ಮುಖ್ಯವಾದ ಕಾರಣ ಮತ್ತೊಂದಿದೆ. ಮನೆಯೇ ಮಾಯವಾದ ಮೇಲೂ ಅದರ ಕೆರೆಗಳು, ದಿಬ್ಬಗಳು, ಸಾಲುಮರಗಳು ಏಕೆ ಉಳಿದವು ಎಂಬ ಪ್ರಶ್ನೆಯನ್ನು ಬೆನ್ನಟ್ಟಿ ಹೋದರೆ, ಗ್ರಂಥಗಳಷ್ಟೇ ಅಲ್ಲದೆ ನೆಲವೂ ಇತಿಹಾಸದ ಆಧಾರವೆಂಬುದನ್ನು ಇತಿಹಾಸದ ಅಧ್ಯಾಪಕರು ತರಗತಿಯಲ್ಲಿ ತೋರಿಸಿಕೊಡಬಹುದು.

ಮೊದಲು ಒಂದು ಶಬ್ದವನ್ನು ಬಿಡಿಸಿಕೊಳ್ಳೋಣ. ಇಂಗ್ಲೆಂಡಿನಲ್ಲಿ ‘ಮ್ಯಾನರ್’ ಎಂದರೆ ಬರಿಯ ಮನೆಯಲ್ಲ. ಊರು, ಹೊಲ, ಅಡವಿ, ಹುಲ್ಲುಗಾವಲು ಮತ್ತು ಅವುಗಳ ಮೇಲಿನ ಹಕ್ಕುಬಾಧ್ಯತೆಗಳು ಕೂಡಿದ ಒಂದು ಘಟಕವದು. ಅದರ ಒಡೆಯನು ವಾಸಿಸುವ ಮನೆಯೇ ಮ್ಯಾನರ್ ಹೌಸ್. ನಮ್ಮ ಕಡೆಯ ದೇಸಗತಿ, ವಾಡೆ ಎಂಬ ಮಾತುಗಳು ಅರ್ಥದಲ್ಲಿ ಇದಕ್ಕೆ ಸಮೀಪವಾದರೂ ಪೂರ್ಣವಾಗಿ ಹೊಂದುವುದಿಲ್ಲ. ಮ್ಯಾನರಿನ ಬೀಳುನೆಲವು ಒಡೆಯನದೇ ಆದರೂ ಅದರಲ್ಲಿ ದನ ಮೇಯಿಸುವ ಹಕ್ಕು ಊರಿನ ಕೆಲವು ಹಿಡುವಳಿದಾರರಿಗೆ ಕಾನೂನಿನಿಂದಲೇ ಪ್ರಾಪ್ತವಾಗಿತ್ತು. ಸಣ್ಣದೆಂದು ತೋರುವ ಈ ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆಯ ಕೊನೆಯ ಭಾಗವೆಲ್ಲ ಇದರ ಮೇಲೆಯೇ ನಿಂತಿದೆ.

ವಾನ್‌ಸ್ಟೆಡ್‌ನಲ್ಲಿ ಮೊದಲಿದ್ದುದು ಹದಿನಾರನೆಯ ಶತಮಾನದ ಒಂದು ಹಳೆಯ ಮನೆ. ಎಲಿಜಬೆತ್ ರಾಣಿಯ ಪ್ರೀತಿಪಾತ್ರನಾದ ಲೆಸ್ಟರಿನ ಅರ್ಲ್ ರಾಬರ್ಟ್ ಡಡ್ಲಿ ಅದನ್ನು ಕೊಂಡು ವಿಸ್ತರಿಸಿದ. 1578ರಲ್ಲಿ ರಾಣಿ ಅಲ್ಲಿಗೆ ಬಂದು ತಂಗಿದ್ದಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಡ್ಲಿಯು ರಾಣಿಗೆ ತಿಳಿಯದಂತೆ ಲೆಟಿಸ್ ನಾಲಿಸ್ ಎಂಬ ವಿಧವೆಯನ್ನು ಅದೇ ಮನೆಯಲ್ಲಿ ವಿವಾಹವಾಗಿ ಅವಳ ಕಡುಕೋಪಕ್ಕೆ ಗುರಿಯಾದ. ಆ ಮನೆಯ ಒಂದು ಗೋಡೆಯೂ ಇಂದು ನೆಲದ ಮೇಲೆ ನಿಂತಿಲ್ಲ.

ನಮ್ಮ ಕಥೆ ನಿಜವಾಗಿ ಆರಂಭವಾಗುವುದು ಸರ್ ಜೋಸಯ್ಯ ಚೈಲ್ಡ್‌ನಿಂದ. 1670ರ ದಶಕದಲ್ಲಿ ವಾನ್‌ಸ್ಟೆಡ್ ಇವನ ಕೈಸೇರಿತು. ಲಂಡನ್ನಿನ ಈ ವರ್ತಕನು ಈಸ್ಟ್ ಇಂಡಿಯಾ ಕಂಪನಿಯಲ್ಲಿ ಭಾರಿ ಪಾಲು ಪಡೆದು, 1681ರಲ್ಲಿ ಅದರ ಗವರ್ನರನಾದ. ಹಲವು ವರ್ಷ ಕಂಪನಿಯ ಆಡಳಿತವೇ ಇವನ ಮುಷ್ಟಿಯಲ್ಲಿತ್ತು. ವ್ಯಾಪಾರವನ್ನು ಕುರಿತು ಗ್ರಂಥ ಬರೆದ ಪಂಡಿತನೂ ಹೌದು. ಹಿಂದೂಸ್ಥಾನವನ್ನು ಕಣ್ಣಿನಿಂದ ಕಾಣದೆಯೇ, ಕಂಪನಿಯು ಬರಿಯ ವರ್ತಕ ಸಂಘವಾಗಿ ಉಳಿಯದೆ ಕೋಟೆ, ಕಂದಾಯ, ಸೈನ್ಯಗಳನ್ನುಳ್ಳ ಶಕ್ತಿಯಾಗಬೇಕೆಂದು ಹಟ ಹಿಡಿದವನು ಇವನು. 1686ರಲ್ಲಿ ಮೊಗಲ್ ಸಾಮ್ರಾಜ್ಯದ ಮೇಲೆಯೇ ಯುದ್ಧ ಹೂಡಿಸಿದ. ಔರಂಗಜೇಬನು ವಿಜಾಪುರವನ್ನು ಗೆದ್ದ ವರ್ಷವದು ಎಂಬುದನ್ನು ನೆನೆದರೆ ಆ ಸಾಹಸದ ಅವಿವೇಕ ಎಷ್ಟೆಂಬುದು ಸ್ಪಷ್ಟವಾಗುತ್ತದೆ. ಮುಂಬಯಿಗೆ ಸಿದ್ದಿಗಳ ಮುತ್ತಿಗೆ ಬಿತ್ತು. 1690ರಲ್ಲಿ ಕಂಪನಿಯು ಬಾದಶಹನ ಕ್ಷಮೆ ಬೇಡಿ ಒಂದೂವರೆ ಲಕ್ಷ ರೂಪಾಯಿ ದಂಡ ತೆರಬೇಕಾಯಿತು. ದಂಡವನ್ನು ತೆತ್ತುದು ಕಂಪನಿ. ಚೈಲ್ಡನ ಸ್ವಂತ ಸಂಪತ್ತಿಗೆ ಅದರಿಂದ ಕುಂದು ಬರಲಿಲ್ಲ.

ಆ ಕಾಲದಲ್ಲಿ ಕಂಪನಿಗೆ ಕಾರವಾರದಲ್ಲಿಯೂ ಒಂದು ಕೋಠಿಯಿತ್ತು. 1638ರಲ್ಲಿ ಕೋರ್ಟೀನ್ ಎಂಬವನ ವರ್ತಕ ಸಂಘ ತೆರೆದ ಆ ನೆಲೆ ಮುಂದೆ ಕಂಪನಿಯ ವಶಕ್ಕೆ ಬಂದಿತು. ಘಟ್ಟದ ಮೇಲಿನ ಸೋದೆ ಸೀಮೆಯ ಮೆಣಸು ಎತ್ತುಗಳ ಬೆನ್ನ ಮೇಲೆ ಇಳಿದು ಅಲ್ಲಿಂದ ಹಡಗು ಏರುತ್ತಿತ್ತು. ಸೂರತ್ತಿನ ಬಟ್ಟೆ, ಬಂಗಾಲದ ರೇಷ್ಮೆ, ಕಾರವಾರದ ಮೆಣಸು ಎಲ್ಲವೂ ಲಂಡನ್ನಿನ ಒಂದೇ ಲೆಕ್ಕದ ಪುಸ್ತಕದಲ್ಲಿ ಬೆರೆತು ಲಾಭಾಂಶವಾಗುತ್ತಿದ್ದುದರಿಂದ, ವಾನ್‌ಸ್ಟೆಡ್‌ನ ಯಾವ ಕೆರೆ ಯಾವ ಸರಕಿನಿಂದಾಯಿತೆಂದು ಬಿಡಿಸಿ ಹೇಳುವುದು ಸಾಧ್ಯವಿಲ್ಲ. ಆದರೆ ನಮ್ಮ ಮಲೆನಾಡಿನ ಬಳ್ಳಿಗೂ ಆ ದೂರದ ಉದ್ಯಾನಕ್ಕೂ ನಡುವೆ ಒಂದು ಎಳೆ ಇದ್ದುದು ನಿಜ.

ಚೈಲ್ಡನು ಮನೆಗಿಂತ ಹೆಚ್ಚಾಗಿ ನೆಲದ ಮೇಲೆ ಹಣ ಸುರಿದ. 1683ರಲ್ಲಿ ಅಲ್ಲಿಗೆ ಹೋಗಿದ್ದ ಜಾನ್ ಎವೆಲಿನ್ ಎಂಬ ಪ್ರಸಿದ್ಧ ದಿನಚರಿಕಾರನು, ಅಕ್ರೋಟಿನ ಮರಗಳನ್ನು ನೆಡಿಸಲು ಮತ್ತು ಮೀನಿನ ಕೊಳಗಳನ್ನು ತೋಡಿಸಲು ಈ ವರ್ತಕ ಮಾಡುತ್ತಿದ್ದ ವಿಪರೀತ ವೆಚ್ಚವನ್ನು ಕಂಡು, ಮೆಚ್ಚಿಕೆಗಿಂತ ಹೆಚ್ಚಾಗಿ ವ್ಯಂಗ್ಯದಿಂದಲೇ ಬರೆದಿಟ್ಟಿದ್ದಾನೆ. ಎವೆಲಿನ್ ಸ್ವತಃ ವೃಕ್ಷಶಾಸ್ತ್ರದ ಗ್ರಂಥಕರ್ತ. ಹೊಸ ಹಣವನ್ನು ಕಂಡರೆ ಹಳೆಯ ಮನೆತನದವರಿಗೆ ಹುಟ್ಟುವ ತಿರಸ್ಕಾರವೂ ಅವನಲ್ಲಿ ಇದ್ದಿರಬೇಕು. ವಿನೋದವೆಂದರೆ, ಅವನು ನಕ್ಕ ಆ ಮರಗಳೂ ಕೊಳಗಳೂ ಒಂದು ಸಂಪ್ರದಾಯವನ್ನು ಆರಂಭಿಸಿದವು. ಸೌಧವಾದರೋ ಇನ್ನೂ ಹುಟ್ಟಿರಲೇ ಇಲ್ಲ.

ಜೋಸಯ್ಯ 1699ರಲ್ಲಿ ತೀರಿಕೊಂಡ. ಕೆಲವು ವರ್ಷಗಳ ತರುವಾಯ ಆಸ್ತಿಗೆ ಒಡೆಯನಾದ ಕಿರಿಯ ಮಗ ರಿಚರ್ಡ್ ಚೈಲ್ಡ್, ತಂದೆಯ ಹಣಕ್ಕೆ ತಕ್ಕ ಪದವಿಯನ್ನೂ ಪದವಿಗೆ ತಕ್ಕ ಮನೆಯನ್ನೂ ಸಂಪಾದಿಸಲು ಹೊರಟ. ಕ್ಯಾಸಲ್‌ಮೇನ್ ವೈಕೌಂಟ್ ಎಂದೂ ಮುಂದೆ ಟಿಲ್ನಿ ಅರ್ಲ್ ಎಂದೂ ಬಿರುದು ಪಡೆದ. ಜಾರ್ಜ್ ಲಂಡನ್ ಎಂಬ ಹೆಸರಾಂತ ಉದ್ಯಾನ ನಿರ್ಮಾಪಕನಿಂದ ತೋಟಗಳನ್ನು ರಚಿಸಿದ. ಆಮೇಲೆ, ಸುಮಾರು 1715ರಿಂದ 1722ರ ಅವಧಿಯಲ್ಲಿ, ಹಳೆಯ ಮನೆಯನ್ನು ತೆಗೆಸಿ ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ಕೋಲನ್ ಕ್ಯಾಂಪ್‌ಬೆಲ್‌ನಿಂದ ಹೊಸ ಸೌಧವನ್ನು ಕಟ್ಟಿಸಿದ. ಅದರ ಮುಂಭಾಗದ ಉದ್ದ 260 ಅಡಿ. ನಡುವೆ ರೋಮನ್ ದೇವಾಲಯದ ಮಾದರಿಯ ಮುಖಮಂಟಪ, ಅದಕ್ಕೆ ಕೊರಿಂಥಿಯನ್ ಶೈಲಿಯ ಆರು ಬೃಹತ್ ಕಂಬಗಳು. ಇಟಲಿಯ ಪಲ್ಲಾಡಿಯೋ ಎಂಬ ಶಿಲ್ಪಾಚಾರ್ಯನ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಪುನರುಜ್ಜೀವನಗೊಳಿಸಿದ ಮೊದಲ ದೊಡ್ಡ ಮನೆಗಳಲ್ಲಿ ಇದೊಂದು. ಮುಂದಿನ ಪೀಳಿಗೆಯ ಶಿಲ್ಪಿಗಳಿಗೆ ಇದೇ ಪಾಠವಾಯಿತು.

ಇಲ್ಲಿ ಅಭ್ಯಾಸಿಗಳಿಗೆ ಒಂದು ಎಚ್ಚರಿಕೆ ಅಗತ್ಯ. ಕ್ಯಾಂಪ್‌ಬೆಲ್ ತನ್ನ ನಕ್ಷೆಗಳನ್ನು ‘ವಿಟ್ರೂವಿಯಸ್ ಬ್ರಿಟಾನಿಕಸ್’ ಎಂಬ ಭವ್ಯ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದ. 1715ರ ಸಂಪುಟದಲ್ಲಿರುವ ಒಂದು ಚಿತ್ರದಲ್ಲಿ ಸೌಧದ ನೆತ್ತಿಯ ಮೇಲೆ ಗುಮ್ಮಟವಿದೆ. 1725ರ ಸಂಪುಟದಲ್ಲಿರುವ ಚಿತ್ರದಲ್ಲಿ ಎರಡು ಕೊನೆಗಳಿಗೂ ಗೋಪುರಗಳಿವೆ. ಆ ಗುಮ್ಮಟವನ್ನಾಗಲಿ ಆ ಗೋಪುರಗಳನ್ನಾಗಲಿ ಕಟ್ಟಲೇ ಇಲ್ಲ. ಕಟ್ಟಡವು ಕಣ್ಣ ಮುಂದಿದ್ದಾಗ ಇಂಥ ತಪ್ಪು ತಾನಾಗಿಯೇ ತಿದ್ದಿಕೊಳ್ಳುತ್ತದೆ. ಕಟ್ಟಡ ಅಳಿದ ಮೇಲೆ ಅಚ್ಚಾದ ಚಿತ್ರವೇ ಪ್ರಮಾಣವಾಗಿಬಿಡುವ ಅಪಾಯವಿದೆ. ಶಿಲ್ಪಿಯ ನಕ್ಷೆ ಅವನ ಬಯಕೆಯನ್ನು ಹೇಳುತ್ತದೆ, ನೆರವೇರಿದ್ದನ್ನಲ್ಲ. ನೆಲವು ಹೀಗೆ ಬಯಸುವುದಿಲ್ಲ. ಜಾನ್ ರೋಕ್ ಎಂಬ ಮೋಜಣಿಕಾರನು 1735ರಲ್ಲಿ ರಚಿಸಿದ ವಾನ್‌ಸ್ಟೆಡ್ ಉದ್ಯಾನದ ನಕ್ಷೆಯನ್ನೂ ಇಂದಿನ ನೆಲವನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗಲೇ ಯಾವುದು ನಿಜವಾಗಿ ಆಯಿತು, ಯಾವುದು ಕಾಗದದಲ್ಲಿಯೇ ಉಳಿಯಿತು ಎಂಬುದು ತಿಳಿಯುತ್ತಾ ಹೋಗುತ್ತದೆ.

ಉದ್ಯಾನದ ವಿನ್ಯಾಸವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಸೌಧವು ಪಶ್ಚಿಮಾಭಿಮುಖವಾಗಿತ್ತು. ಅದರ ಎದುರಿಗೆ ಎಂಟು ಮೂಲೆಗಳ ಒಂದು ಕೊಳ. ಬರುವ ಅತಿಥಿಯ ಗಾಡಿ ಆ ನೀರನ್ನು ಬಳಸಿ ಬರುವಾಗ ಕಂಬಗಳ ಸಾಲು ನಿಧಾನವಾಗಿ ಹತ್ತಿರವಾಗುತ್ತಿತ್ತು. ಹಿಂದುಗಡೆ, ಪೂರ್ವಕ್ಕೆ, ರೋಡಿಂಗ್ ಎಂಬ ಸಣ್ಣ ನದಿಯ ಕಡೆಗೆ ನೆಲ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಸೌಧದ ನಡುಬಾಗಿಲಿನಿಂದ ಗೆರೆ ಎಳೆದಂತೆ ಒಂದು ನೇರವಾದ ಹುಲ್ಲುಹಾದಿ, ಅದರ ಕೊನೆಗೆ ನೀರಿನ ವಿಸ್ತಾರ. ಮೇಲಿನ ಕೆರೆಯ ಹೆಚ್ಚುವರಿ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೂ ಕೆಳಗಿನದಕ್ಕೆ ಹರಿದು ಕಡೆಗೆ ನದಿಯ ಪಕ್ಕದ ‘ಅಲಂಕಾರ ಸರೋವರ’ಗಳನ್ನು ತುಂಬುವ ಸರಪಳಿಯಂಥ ವ್ಯವಸ್ಥೆ ಅದು. ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ನೀರು ಹಾಯಿಸುವುದನ್ನು ಬಲ್ಲ ನಮ್ಮವರಿಗೆ ಇದರ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವಿಷ್ಟೆ: ಅಲ್ಲಿಯ ನೀರು ಒಂದು ಗದ್ದೆಯನ್ನೂ ಉಣಿಸಲಿಲ್ಲ, ನೋಟಕ್ಕಾಗಿ, ದೋಣಿವಿಹಾರಕ್ಕಾಗಿ, ಮೀನಿಗಾಗಿ ಮಾತ್ರ ನಿಂತಿತ್ತು. ಅದೂ ಜಲ್ಲಿಯ ಪದರವಿರುವ, ನೀರು ಬಸಿದುಹೋಗುವ ನೆಲದಲ್ಲಿ ಹಟದಿಂದ ನಿಲ್ಲಿಸಿದ ನೀರು. ಆ ಹಟದ ಸಾಲವನ್ನು ಇಂದಿನವರು ತೀರಿಸುತ್ತಿದ್ದಾರೆ.

1715ರಲ್ಲಿ ಉದ್ಯಾನದ ಸಾಲುಮರಗಳಿಗೆಂದು ಗುಂಡಿ ತೋಡುವಾಗ ರೋಮನರ ಕಾಲದ ಚಿತ್ರಖಚಿತ ನೆಲಗಟ್ಟೊಂದು ಸಿಕ್ಕಿತೆಂದು ನೆರೆಯ ಆಲ್ಡರ್ಸ್‌ಬ್ರೂಕಿನ ಪ್ರಾಚ್ಯವಸ್ತುಪ್ರಿಯ ಸ್ಮಾರ್ಟ್ ಲೆತೂಲಿಯರ್ ಬರೆದಿಟ್ಟಿದ್ದಾನೆ. ಒಂದು ಅಳಿದ ಮನೆಯ ಮೇಲೆ ಮತ್ತೊಬ್ಬರು ಮರ ನೆಟ್ಟರು. ನೂರು ವರ್ಷಗಳಲ್ಲಿ ಅವರ ಮನೆಯೂ ಅದೇ ಗತಿಯನ್ನು ಕಂಡಿತು.

ಎರಡನೆಯ ಟಿಲ್ನಿ ಅರ್ಲ್ ಜಾನ್, 1760ರ ಸುಮಾರಿನಲ್ಲಿ ಎರಡು ವಿಚಿತ್ರ ಕಟ್ಟಡಗಳನ್ನು ಸೇರಿಸಿದ. ಒಂದು ‘ದೇವಾಲಯ’ವೆಂದು ಕರೆಯಲ್ಪಡುವ, ಕಂಬಗಳ ಮುಖಮಂಟಪವಿರುವ ಸಣ್ಣ ಮನೆ. ಅದರೊಳಗೆ ದೇವರಿಲ್ಲ, ಹಕ್ಕಿಗಳನ್ನು ಸಾಕಲು, ಕಾವಲುಗಾರ ಇರಲು ಬಳಸಿದರು. ಮತ್ತೊಂದು ಸರೋವರದ ದಡದ ‘ಗ್ರಾಟೊ’, ಅಂದರೆ ಕೃತಕ ಗುಹೆ. ಕೆಳಗೆ ದೋಣಿ ನಿಲ್ಲಿಸುವ ಜಾಗ, ಮೇಲೆ ಗುಮ್ಮಟದ ಕೋಣೆ. ಅದರ ಗೋಡೆಗಳಿಗೆಲ್ಲ ಚಿಪ್ಪು, ಬೆಣಚು, ಸ್ಫಟಿಕಗಳ ಅಲಂಕಾರ. ಈ ಅರ್ಲ್ ಹೆಚ್ಚು ಕಾಲ ಇಟಲಿಯಲ್ಲಿಯೇ ಕಳೆದು 1784ರಲ್ಲಿ ನೇಪಲ್ಸಿನಲ್ಲಿ ಮರಣ ಹೊಂದಿದ. ಮಕ್ಕಳಿರಲಿಲ್ಲ. ಆಸ್ತಿ ಸೋದರಳಿಯನಾದ ಸರ್ ಜೇಮ್ಸ್ ಟಿಲ್ನಿ-ಲಾಂಗ್‌ಗೆ ಹೋಯಿತು. ಅವನ ಒಬ್ಬನೇ ಮಗ 1805ರಲ್ಲಿ ಬಾಲ್ಯದಲ್ಲಿಯೇ ತೀರಿಕೊಳ್ಳಲು, ಹಿರಿಯ ಮಗಳು ಕ್ಯಾಥರೀನ್ ಇಡಿಯ ಸಂಪತ್ತಿಗೆ ಉತ್ತರಾಧಿಕಾರಿಣಿಯಾದಳು.

ಬಿರುದಿಲ್ಲದ ಮನೆತನಗಳ ಪೈಕಿ ಇಂಗ್ಲೆಂಡಿನಲ್ಲಿಯೇ ಅತ್ಯಂತ ಶ್ರೀಮಂತಳೆಂದು ಹೆಸರಾದ ಈ ತರುಣಿಯನ್ನು ವರಿಸಲು, ಮುಂದೆ ನಾಲ್ಕನೆಯ ವಿಲಿಯಂ ಎಂದು ಪಟ್ಟವೇರಿದ ಕ್ಲಾರೆನ್ಸ್ ಡ್ಯೂಕನೂ ಪ್ರಯತ್ನಿಸಿದ. ಅವಳು ಆರಿಸಿಕೊಂಡುದು ವಿಲಿಯಂ ವೆಲ್ಲೆಸ್ಲಿ-ಪೋಲ್ ಎಂಬ ರೂಪವಂತನನ್ನು. 1812ರ ಮಾರ್ಚಿನಲ್ಲಿ ವಿವಾಹವಾಯಿತು. ಅವನು ಹೆಂಡತಿಯ ಮನೆತನದ ಹೆಸರುಗಳನ್ನೂ ತನ್ನ ಹೆಸರಿಗೆ ಪೋಣಿಸಿಕೊಂಡು ನಾಲ್ಕು ಕುಲನಾಮಗಳ ಧನಿಯಾದುದು ಅಂದಿನ ವಿನೋದಕವಿಗಳಿಗೆ ಒಳ್ಳೆಯ ವಸ್ತುವಾಯಿತು.

ವೆಲ್ಲೆಸ್ಲಿ ಎಂಬ ಹೆಸರನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಈ ವಿಲಿಯಂನ ದೊಡ್ಡಪ್ಪನೇ ಟಿಪ್ಪು ಸುಲ್ತಾನನ ಮೇಲೆ ಕೊನೆಯ ಯುದ್ಧವನ್ನು ಹೂಡಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ; 1804ರಲ್ಲಿ ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ಸೇತುವೆಗೆ ಅವನ ಹೆಸರೇ ಇದೆ. ಚಿಕ್ಕಪ್ಪನು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಅಧಿಕಾರ ವಹಿಸಿಕೊಂಡು ದರಿಯಾ ದೌಲತ್ ತೋಟದ ಅರಮನೆಯಲ್ಲಿ ವಾಸವಾಗಿದ್ದವನು, 1800ರಲ್ಲಿ ಧೋಂಡಿಯ ವಾಘನನ್ನು ಉತ್ತರ ಕರ್ನಾಟಕದ ಬಯಲುಗಳಲ್ಲಿ ಬೆನ್ನಟ್ಟಿ ಕೊಂದವನು ಈತನೇ. ಚಿಕ್ಕಪ್ಪನು ಗೆದ್ದು ವಾಸಮಾಡಿದ ಮರದ ಕಂಬಗಳ ಆ ತೋಟದ ಅರಮನೆ ಇಂದಿಗೂ ನಿಂತಿದೆ. ಮಗನು ಮದುವೆಯಿಂದ ಪಡೆದ ಕಲ್ಲಿನ ಸೌಧ ಹದಿಮೂರು ವರ್ಷಗಳಲ್ಲಿ ಇಲ್ಲವಾಯಿತು.

ನಾಶದ ಕ್ರಮವನ್ನು ಸಾಮಾನ್ಯವಾಗಿ ಒಬ್ಬ ದುಂದುಗಾರನ ಕಥೆಯಾಗಿ ಹೇಳಲಾಗುತ್ತದೆ. ಅದು ಸುಳ್ಳಲ್ಲ. ವಿಲಿಯಂ ಹಂಫ್ರಿ ರೆಪ್ಟನ್‌ನಂಥ ಶ್ರೇಷ್ಠ ಉದ್ಯಾನಕಾರನನ್ನು ಕರೆಸಿ ತೋಟಗಳನ್ನು ತಿದ್ದಿಸಿದ. 1814ರಲ್ಲಿ ನೆಪೋಲಿಯನ್ನನ ಮೇಲಿನ ವಿಜಯದ ಸಂಭ್ರಮಕ್ಕೆ ಅದ್ಭುತವಾದ ಔತಣವನ್ನು ಏರ್ಪಡಿಸಿದ. ಜೂಜು, ಚುನಾವಣೆ, ಬೇಟೆ, ವಿಲಾಸಗಳಿಗೆ ಲೆಕ್ಕವಿಲ್ಲದೆ ಸುರಿದ. ಸಾಲಗಾರರಿಗೆ ಅಂಜಿ 1822ರಲ್ಲಿ ದೇಶವನ್ನೇ ಬಿಟ್ಟ. ಆದರೆ ಇಷ್ಟರಿಂದಲೇ ಮನೆ ಏಕೆ ಕೆಡವಲ್ಪಡಬೇಕು? ಸಾಲಗಾರನ ಮನೆಯನ್ನು ಮತ್ತೊಬ್ಬ ಕೊಳ್ಳುವುದು ಲೋಕದ ರೂಢಿ. ಇಲ್ಲಿ ತೊಡಕು ಕಾನೂನಿನಲ್ಲಿತ್ತು. ವಿವಾಹದ ಒಪ್ಪಂದದ ಪ್ರಕಾರ ಭೂಮಿಯ ಮೇಲೆ ವಿಲಿಯಂನಿಗೆ ಜೀವಾವಧಿಯ ಅನುಭೋಗ ಮಾತ್ರವಿತ್ತು. ಅದು ಮುಂದೆ ಮಗನಿಗೆ ಸೇರಬೇಕಾದುದರಿಂದ ಮಾರುವಂತಿರಲಿಲ್ಲ. ಮಾರಲು ದೊರೆತುದು ಮನೆಯೊಳಗಿನ ಸಾಮಾನು, ಕೊನೆಗೆ ಮನೆಯ ಕಲ್ಲುಮರಗಳು. ಭೂಮಿಯನ್ನು ಕಾಯಲೆಂದು ಹೆಣೆದ ಕಟ್ಟಳೆಯೇ ಮನೆಯನ್ನು ನುಂಗಿತೆಂದು ಹೇಳಿದರೆ ಅತಿಶಯವಾಗಲಾರದು. ದತ್ತಿ, ಟ್ರಸ್ಟುಗಳ ವ್ಯವಹಾರ ಬಲ್ಲ ನಮ್ಮ ಸಂಸ್ಥೆಯ ಪೋಷಕರಿಗೆ ಇದರ ಮರ್ಮ ಬೇಗನೆ ಹೊಳೆಯುತ್ತದೆ.

1822ರ ಜೂನ್ 10ರಂದು ಜಾರ್ಜ್ ರಾಬಿನ್ಸ್ ಎಂಬ ಹೆಸರುವಾಸಿಯಾದ ಲಿಲಾವುದಾರನು ಸೌಧದೊಳಗೇ ಲಿಲಾವು ಆರಂಭಿಸಿದ. ಅದು 32 ದಿನ ನಡೆಯಿತು. ಚಿತ್ರಗಳು, ಪ್ರತಿಮೆಗಳು, ಜಮಖಾನೆಗಳು, ಹಾಸಿಗೆಗಳು, ಅಡಿಗೆಯ ಪಾತ್ರೆಗಳು ಒಂದೊಂದಾಗಿ ಹೊರಬಿದ್ದವು. ಕೊಳ್ಳುವವರಿಗಿಂತ ನೋಡುವವರೇ ಹೆಚ್ಚು. ಆ ತನಕ ಗೇಟಿನಾಚೆಯಿಂದ ಮಾತ್ರ ಕಂಡಿದ್ದ ಕೋಣೆಗಳೊಳಗೆ ಜನಸಾಮಾನ್ಯರು ಕಾಲಿಟ್ಟುದು ಅವು ಬರಿದಾಗುತ್ತಿದ್ದಾಗ. ಬಂದ ಹಣ ಸುಮಾರು 41,000 ಪೌಂಡು. ಸಾಲದ ಮುಂದೆ ಅದು ಏನೂ ಅಲ್ಲ. ಇಡಿಯ ಕಟ್ಟಡಕ್ಕೆ ಕೊಳ್ಳುವವರು ಸಿಗದೆ, ಮರುವರ್ಷ ಕೆಡವುವ ಕರಾರಿನ ಮೇಲೆ ಅದು ಸುಮಾರು 10,000 ಪೌಂಡಿಗೆ ಹೋಯಿತು. ಸೌಧದ ಕೆಲಸ ಮುಗಿಯುತ್ತಿದ್ದ 1825ರ ಸೆಪ್ಟೆಂಬರಿನಲ್ಲಿಯೇ ಗಂಡನಿಂದ ಪರಿತ್ಯಕ್ತಳಾಗಿದ್ದ ಕ್ಯಾಥರೀನ್ ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಸಾಯುವ ಮುನ್ನ ಅವಳು ತನ್ನ ಮೂವರು ಮಕ್ಕಳನ್ನು ತಂಗಿಯರ ಆಶ್ರಯಕ್ಕೆ ಒಪ್ಪಿಸಿದ್ದಳು. ಮಕ್ಕಳು ತನ್ನವರೆಂದು ತಂದೆ ನ್ಯಾಯಾಲಯಕ್ಕೆ ಹೋದ. ಮಕ್ಕಳ ಮೇಲೆ ತಂದೆಯ ಅಧಿಕಾರವು ಪ್ರಶ್ನಾತೀತವೆಂದು ನಂಬಿದ್ದ ಕಾಲವದು. 1827ರಲ್ಲಿ ಲಾರ್ಡ್ ಎಲ್ಡನ್, ದುರ್ನಡತೆಯ ಕಾರಣದಿಂದ ಈ ತಂದೆಗೆ ಮಕ್ಕಳನ್ನು ಒಪ್ಪಿಸಲಾಗದೆಂದು ತೀರ್ಪಿತ್ತ. ಮಕ್ಕಳ ಹಿತವನ್ನು ಕಾಯುವುದರಲ್ಲಿ ವೆಲಿಂಗ್ಟನ್ ಡ್ಯೂಕನೇ ತನ್ನ ಅಣ್ಣನ ಮಗನಿಗೆ ಎದುರಾಗಿ ನಿಂತಿದ್ದ. ಇಂಗ್ಲಿಷ್ ಕಾನೂನಿನ ಗ್ರಂಥಗಳಲ್ಲಿ ಉಳಿದ ಈ ತೀರ್ಪನ್ನೂ ವಾನ್‌ಸ್ಟೆಡ್‌ನ ಒಂದು ಅವಶೇಷವೆಂದೇ ನಾನು ಎಣಿಸುತ್ತೇನೆ. ಸ್ಮಾರಕಗಳ ಪಟ್ಟಿಗಳಲ್ಲಿ ಅದು ಕಾಣದಿರುವುದು ಪಟ್ಟಿ ಮಾಡುವವರ ಸಂಕುಚಿತ ದೃಷ್ಟಿಯಿಂದ. ವಿಲಿಯಂ 1857ರಲ್ಲಿ, ಅದೇ ಡ್ಯೂಕನ ಮನೆತನದ ಅಲ್ಪ ವೇತನದ ಆಸರೆಯಲ್ಲಿ ದಿನ ದೂಡಿ, ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಸತ್ತ.

ಇನ್ನು ಮೊದಲು ನೆನಪಿಡಬೇಕೆಂದು ಹೇಳಿದ ದನ ಮೇಯಿಸುವ ಹಕ್ಕಿನ ವಿಚಾರ. ಮನೆ ಹೋದ ಮೇಲೆ ತೋಟಗಳೂ ಇಟ್ಟಿಗೆಯ ಬೀದಿಗಳಾಗಬೇಕಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ಆ ದಿಕ್ಕಿಗೆ ಬೆಳೆಯುತ್ತಿತ್ತು. ವಾನ್‌ಸ್ಟೆಡ್ ಸೇರಿದ್ದ ಎಪಿಂಗ್ ಅರಣ್ಯದ ಬೀಳುನೆಲಕ್ಕೆ ಮ್ಯಾನರ್ ಒಡೆಯರು ಒಬ್ಬೊಬ್ಬರಾಗಿ ಬೇಲಿ ಹಾಕಿ ಮಾರುತ್ತಿದ್ದರು. ವಾನ್‌ಸ್ಟೆಡ್‌ನ ಆಸ್ತಿ ಆಗ ವೆಲ್ಲೆಸ್ಲಿ ಬಳಗದವನೇ ಆದ ಕೌಲಿ ಅರ್ಲ್‌ನ ಕೈಯಲ್ಲಿತ್ತು. 1871ರ ಜುಲೈ 8ರಂದು ಅವನ ಬೇಲಿಯನ್ನು ಪ್ರತಿಭಟಿಸಲು ಪೂರ್ವ ಲಂಡನ್ನಿನ ಸಾವಿರಾರು ಶ್ರಮಜೀವಿಗಳು ವಾನ್‌ಸ್ಟೆಡ್ ಬಯಲಿನಲ್ಲಿ ಸೇರಿದರು. ಸಂಜೆಯ ವೇಳೆಗೆ ಬೇಲಿ ಮುರಿದು ಬಿದ್ದಿತ್ತು.

ಗಲಭೆಯಿಂದ ಬೇಲಿ ಮುರಿಯಬಹುದು, ಹಕ್ಕು ಸ್ಥಾಪನೆಯಾಗುವುದಿಲ್ಲ. ಅದಕ್ಕೆ ಬೇರೊಂದು ದಾರಿ ದೊರೆಯಿತು. ಲಂಡನ್ ನಗರದ ಕಾರ್ಪೊರೇಷನ್ 1853ರಲ್ಲಿ, ಸ್ಮಶಾನಕ್ಕಾಗಿ, ಇದೇ ವೆಲ್ಲೆಸ್ಲಿ ಆಸ್ತಿಯಿಂದ ಪಕ್ಕದ ಆಲ್ಡರ್ಸ್‌ಬ್ರೂಕ್ ಹೊಲಮನೆಯನ್ನು ಕೊಂಡಿತ್ತು. 1856ರಲ್ಲಿ ಸ್ಮಶಾನ ತೆರೆದಿತ್ತು. ಆ ಹೊಲಕ್ಕೆ ಹಿಂದಿನಿಂದಲೂ ಅರಣ್ಯದಲ್ಲಿ ದನ ಮೇಯಿಸುವ ಹಕ್ಕು ಅಂಟಿಕೊಂಡಿತ್ತು. ಆದುದರಿಂದ ಆ ಶ್ರೀಮಂತ ನಗರಸಂಸ್ಥೆ ಕಾನೂನಿನ ದೃಷ್ಟಿಯಲ್ಲಿ ಮೇವಿನ ಹಕ್ಕಿನ ಒಬ್ಬ ಸಾಮಾನ್ಯ ಹಿಡುವಳಿದಾರನಾಗಿತ್ತು! ಇಡಿಯ ಅರಣ್ಯವೂ ಬೇಲಿಯಿಲ್ಲದ ಒಂದೇ ಗೋಮಾಳವೆಂದೂ, ಒಬ್ಬನ ಬೇಲಿ ಎಲ್ಲರ ಹಕ್ಕಿಗೂ ಭಂಗವೆಂದೂ ಅದು ವಾದಿಸಿತು. 1874ರಲ್ಲಿ ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್ ಈ ವಾದವನ್ನು ಎತ್ತಿಹಿಡಿದ. 1878ರ ಎಪಿಂಗ್ ಅರಣ್ಯ ಶಾಸನವು ಅರಣ್ಯವನ್ನು ಸಾರ್ವಜನಿಕರ ವಿಹಾರಕ್ಕೆ ಶಾಶ್ವತವಾಗಿ ಮೀಸಲಿಟ್ಟು ಕಾರ್ಪೊರೇಷನ್ನಿನ ಪಾಲನೆಗೆ ಒಪ್ಪಿಸಿತು. ಕಾರ್ಪೊರೇಷನ್ 1880ರಲ್ಲಿ ಕೌಲಿಯಿಂದ ಸೌಧದ ಉದ್ಯಾನದ ಬಹುಭಾಗವನ್ನೂ ಪಡೆದುಕೊಂಡು, 1882ರಲ್ಲಿ ವಾನ್‌ಸ್ಟೆಡ್ ಪಾರ್ಕ್ ಎಂಬ ಹೆಸರಿನಿಂದ ಜನರಿಗೆ ತೆರೆಯಿತು.

ಸೌಧದ ಮೇಲೆ ಒಂದು ಮನೆತನಕ್ಕಲ್ಲದೆ ಬೇರಾರಿಗೂ ಹಕ್ಕಿರಲಿಲ್ಲ. ಆದುದರಿಂದ ಅದು ಬೀಳುವಾಗ ಬೇಡವೆನ್ನುವ ಅಧಿಕಾರ ಯಾರಿಗೂ ಇರಲಿಲ್ಲ. ಸುತ್ತಲಿನ ಬಯಲಿನ ಮೇಲೆ ದನಕರುವುಳ್ಳ ನೂರು ಜನರಿಗೆ ಹಕ್ಕಿತ್ತು. ಸ್ಥಾವರ ಜಂಗಮಗಳ ವಿಚಾರವನ್ನು ಬಾಲ್ಯದಿಂದಲೇ ಕೇಳುತ್ತ ಬೆಳೆದ ನಮ್ಮ ವಿದ್ಯಾರ್ಥಿಗಳು ಇಲ್ಲಿ ತಮ್ಮದೇ ರೀತಿಯಲ್ಲಿ ಯೋಚಿಸಬಹುದು. ಅವರ ಕೆಲಸವನ್ನು ನಾವು ಮಾಡುವುದು ಬೇಡ.

ಇಂದು ಆ ನೆಲದ ಮೇಲೆ ಏನಿದೆ? ಪಶ್ಚಿಮದಿಂದ ಪ್ರವೇಶಿಸುವವರಿಗೆ ಓವರ್ಟನ್ ಡ್ರೈವ್ ಎಂಬ ರಸ್ತೆಯ ಬಾಯಲ್ಲಿ ಎರಡು ಕಲ್ಲಿನ ದ್ವಾರಸ್ತಂಭಗಳು ಸಿಗುತ್ತವೆ. ಅವುಗಳ ಮೇಲೆ ರಿಚರ್ಡ್ ಚೈಲ್ಡನ ಹೆಸರಿನ ಅಕ್ಷರಗಳನ್ನು ಹೆಣೆದ ಮುದ್ರೆಯಿದೆ. ಎಂಟು ಮೂಲೆಯ ಕೊಳ ಇನ್ನೂ ನೀರು ಹೊತ್ತು ನಿಂತಿದೆ. ಅದರಾಚೆಯ ತಗ್ಗು ಸೌಧದ ನೆಲೆ. 1893ರಲ್ಲಿ ಸ್ಥಾಪಿತವಾದ ಗಾಲ್ಫ್ ಸಂಘದ ಮೈದಾನವು ಅದನ್ನು ಒಳಗೊಂಡಿದೆ. ಸಂಘದ ಕಚೇರಿ ಇರುವುದು ಸೌಧದ ಕುದುರೆಲಾಯದಲ್ಲಿ. ಕುದುರೆಗಳ ಮನೆ ಉಳಿದು ಒಡೆಯರ ಮನೆ ಅಳಿಯಿತು. ಪೂರ್ವಕ್ಕೆ ನಡೆದರೆ ಆ ನೇರವಾದ ಹುಲ್ಲುಹಾದಿ ಇಂದಿಗೂ ಇದೆ. ಅದರ ಮೇಲಿನ ಕೊನೆಯಲ್ಲಿ ನಿಂತು ನೋಡಿದರೆ, ಕಣ್ಣಿನ ದಾರಿ ಇಲ್ಲದ ಬಾಗಿಲೊಂದರಿಂದ ಹೊರಟು ಸರೋವರಕ್ಕೆ ಇಳಿಯುತ್ತದೆ. ಇಡಿಯ ವಿನ್ಯಾಸಕ್ಕೆ ಕೇಂದ್ರವಾದುದು ಮಾತ್ರ ಕಾಣದಾಗಿದೆ, ಸುತ್ತಲಿನದೆಲ್ಲ ಅದನ್ನೇ ಬೆರಳು ಮಾಡಿ ತೋರಿಸುತ್ತಿದೆ.

ಸರೋವರದಲ್ಲಿ ‘ಕೋಟೆಗಳು’ ಎಂದು ಕರೆಯುವ ಪುಟ್ಟ ದ್ವೀಪಗಳ ಗುಂಪಿದೆ, ಅಡವಿ ಬೆಳೆದು ಆಕಾರ ಮಸುಕಾಗಿದೆ. ದಡದಲ್ಲಿ ಗ್ರಾಟೊ. ಸೌಧ ಹೋದ ಮೇಲೆಯೂ ಅರುವತ್ತು ವರ್ಷ ನಿಂತಿದ್ದ ಅದು, ಜನರಿಗೆ ಉದ್ಯಾನ ತೆರೆದ ಎರಡೇ ವರ್ಷಗಳಲ್ಲಿ, 1884ರ ನವೆಂಬರಿನಲ್ಲಿ, ಬೆಂಕಿಗೆ ಆಹುತಿಯಾಯಿತು. ನೀರಿನ ಕಡೆಗಿನ ಮುಖಭಿತ್ತಿ ಮಾತ್ರ ಉಳಿದಿದೆ. ‘ದೇವಾಲಯ’ವು ಸುಸ್ಥಿತಿಯಲ್ಲಿದ್ದು ಉದ್ಯಾನದ ಇತಿಹಾಸವನ್ನು ಪ್ರದರ್ಶಿಸುವ ಮನೆಯಾಗಿದೆ. ಅದರ ಹತ್ತಿರದ ಶ್ಯಾಲೆ ವನದಲ್ಲಿ ವಸಂತ ಬಂದಾಗ ನೀಲಿಗಂಟೆಯ ಹೂವುಗಳು ನೆಲವನ್ನೆಲ್ಲ ಹಾಸುತ್ತವೆ. ಅಲ್ಲಲ್ಲಿ ಸಿಹಿ ಚೆಸ್ಟ್‌ನಟ್ಟಿನ ಮುದಿಮರಗಳು ತಿರುಚಿದ ತೊಗಟೆಯಿಂದ ನಿಂತಿವೆ; ಮರದ ಸುತ್ತಳತೆಯೂ ಅಭ್ಯಾಸಿಗೆ ಒಂದು ಶಾಸನವೇ.

ನೀರಿನ ಸ್ಥಿತಿ ಮಾತ್ರ ಚಿಂತಾಜನಕ. ಮೂರು ಶತಮಾನಗಳ ಕೆರೆಗಳು ಸೋರುತ್ತವೆ. ಬೇಸಗೆಯಲ್ಲಿ ಅಲಂಕಾರ ಸರೋವರದ ಮಣ್ಣೇ ಕಾಣುವುದುಂಟು. ಐತಿಹಾಸಿಕ ಉದ್ಯಾನಗಳ ರಾಷ್ಟ್ರೀಯ ಪಟ್ಟಿಯಲ್ಲಿ ಎರಡನೆಯ ದರ್ಜೆಯ ವಿಶೇಷ ಸ್ಥಾನ ಪಡೆದಿರುವ ಈ ಪಾರ್ಕನ್ನು 2009ರಲ್ಲಿ ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಗೂ ಸೇರಿಸಲಾಯಿತು. ಒಬ್ಬನ ವಿಲಾಸವನ್ನು ಎಲ್ಲರ ಸ್ವತ್ತಾಗಿ ಪಡೆದವರು ಆ ವಿಲಾಸದ ದುರಸ್ತಿಯ ಖರ್ಚನ್ನೂ ಪಡೆದರು.

ದೂರಕ್ಕೆ ಹೋದ ಕುರುಹುಗಳೂ ಇವೆ. ಹೋಗಾರ್ತ್ ಎಂಬ ಚಿತ್ರಕಾರನು 1730ರ ಸುಮಾರಿಗೆ ಬರೆದ, ವಾನ್‌ಸ್ಟೆಡ್‌ನ ಒಡ್ಡೋಲಗದ ಕೋಣೆಯಲ್ಲಿ ರಿಚರ್ಡ್ ಚೈಲ್ಡನ ಕುಟುಂಬವೂ ಬಂಧುಮಿತ್ರರೂ ನೆರೆದ ಚಿತ್ರ ಇಂದು ಅಮೆರಿಕದ ಫಿಲಡೆಲ್ಫಿಯಾ ಕಲಾಸಂಗ್ರಹಾಲಯದಲ್ಲಿದೆ. ಕ್ಯಾಂಪ್‌ಬೆಲ್‌ನ ವಾನ್‌ಸ್ಟೆಡ್ ನಕ್ಷೆಯನ್ನು ಮಾದರಿಯಾಗಿಟ್ಟುಕೊಂಡ ವೆಂಟ್‌ವರ್ತ್ ವುಡ್‌ಹೌಸಿನ ಪೂರ್ವಮುಖ ಯಾರ್ಕ್‌ಷೈರಿನಲ್ಲಿ ಇಂದಿಗೂ ನಿಂತಿದೆ. ಮೂಲ ಹೋಗಿ ಪ್ರತಿ ಉಳಿಯುವುದು ತಾಳೆಗರಿಯ ಗ್ರಂಥಗಳನ್ನು ಬಲ್ಲ ನಮಗೆ ಹೊಸತಲ್ಲ.

ಊರಿನ ಸೇಂಟ್ ಮೇರಿ ಚರ್ಚು 1790ರಲ್ಲಿ ಪೂರ್ಣಗೊಂಡ ಸುಂದರ ಕಟ್ಟಡ. ಅದರೊಳಗೆ ಜೋಸಯ್ಯ ಚೈಲ್ಡನ ಅಮೃತಶಿಲೆಯ ಸ್ಮಾರಕವಿದೆ. ರೋಮನ್ ವೀರನ ಉಡುಪು ತೊಟ್ಟು, ತಲೆಗೆ ಮಾತ್ರ ತನ್ನ ಕಾಲದ ದೊಡ್ಡ ಕೂದಲಟೊಪ್ಪಿ ಧರಿಸಿ ಆ ವರ್ತಕ ನಿಂತಿದ್ದಾನೆ. ಸಮೀಪದ ಬೀದಿಗಳಿಗೆ ವೆಲ್ಲೆಸ್ಲಿ ರಸ್ತೆ, ಕೌಲಿ ರಸ್ತೆ ಎಂಬ ಹೆಸರುಗಳಿವೆ. ಕ್ಯಾಥರೀನಳ ಸಮಾಧಿ ಇರುವುದು ವಾನ್‌ಸ್ಟೆಡ್‌ನಲ್ಲಲ್ಲ, ಅವಳ ತವರಾದ ವಿಲ್ಟ್‌ಷೈರಿನ ಡ್ರೇಕಾಟ್ ಸರ್ನ್ ಎಂಬ ಹಳ್ಳಿಯ ಚರ್ಚಿನಲ್ಲಿ. ಅಲ್ಲಿದ್ದ ಅವಳ ತವರುಮನೆಯನ್ನೂ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಕೆಡವಲಾಯಿತು, ಚರ್ಚು ಉಳಿದಿದೆ.